ಲಾಲಾಗ್ರಂಥಿಗಳು ಗರ್ಭದಲ್ಲಿ ಮೂಡುವ ಬಗೆ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ನಮ್ಮ ಹಾಸನ ಸೀಮೆಯ ಮಕ್ಕಳು ಕಲಿಯುವ ಊಟದ ಮೊದಲ ಪಾಠ. ತುತ್ತನ್ನು ಉರುಟಾಗಿ ಮಾಡಿ, ಸಾರಿನಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟರೆ ಅದು ತಾನಾಗಿಯೇ ಗಂಟಲಿಗೆ ಇಳಿಯುತ್ತದೆ. ಅದು ಸಾರಿನ ಗುಣವೆಂದು ನಾವು ಭಾವಿಸಿರುತ್ತೇವೆ. ಸಾರಿನ ಪಾಲು ಇಲ್ಲದಿಲ್ಲ. ಆದರೆ ತುತ್ತಿಗೆ ದಾರಿ ಮಾಡಿಕೊಡುವುದು ಮುಖ್ಯವಾಗಿ ನಮ್ಮ ಬಾಯಲ್ಲೇ ಊರುವ ಲಾಲಾರಸ, ಅಂದರೆ ಜೊಲ್ಲು. ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ಮರಳಿದವರನ್ನು ಕೇಳಿದರೆ ಈ ಮಾತಿನ ನಿಜ ತಿಳಿಯುತ್ತದೆ. ಗೆಡ್ಡೆ ಹೋಗಿರುತ್ತದೆ, ಗಾಯ ಮಾಗಿರುತ್ತದೆ. ಆದರೆ ಮುದ್ದೆ ಗಂಟಲಲ್ಲೇ ನಿಲ್ಲುತ್ತದೆ. ನಾಲ್ಕು ಮಾತಾಡುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ರಾತ್ರಿ ಹಾಸಿಗೆಯ ಪಕ್ಕದಲ್ಲಿ ನೀರಿನ ಚೊಂಬು ಇರಲೇಬೇಕು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಾವೇರಿಯ ದಡದ ಕ್ಷೇತ್ರ; ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರೂ ಹೌದು. ಸುತ್ತಮುತ್ತಲಿನ ಹೊಲಗಳಲ್ಲಿ ಬೆಳೆದು, ಬ್ಯಾರನ್ನುಗಳಲ್ಲಿ ಹದಗೊಂಡು ಇಲ್ಲಿಗೆ ಬರುವ ವರ್ಜೀನಿಯಾ ಎಲೆ ಸಿಗರೇಟಿಗೆ ಹೋಗುವಂಥದು. ಎಲೆ ಅಡಿಕೆಯೊಡನೆ ಬಾಯಿಗೆ ಬೀಳುವ ಹೊಗೆಸೊಪ್ಪು, ಕಡ್ಡಿಪುಡಿಗಳ ಜಾತಿ ಬೇರೆ. ಎರಡರ ಫಲವೂ ಕೊನೆಗೆ ಅದೇ ಆಸ್ಪತ್ರೆಯ ಬಾಗಿಲಿಗೆ ಒಯ್ಯಬಲ್ಲದು. ಆದರೆ ಈ ಲೇಖನ ತಂಬಾಕಿನ ಕುರಿತ ಉಪದೇಶವಲ್ಲ. ಚಿಕಿತ್ಸೆ ಮುಗಿದವರೂ ಅವರ ಮನೆಯವರೂ ಕೇಳುವ ಒಂದೇ ಪ್ರಶ್ನೆ ಇದಕ್ಕೆ ಕಾರಣ: ಒಣಗಿದ ಬಾಯಿಗೆ ಜೊಲ್ಲು ಮತ್ತೆ ಬರುವುದೇ? ಇದಕ್ಕೆ ಪ್ರಾಮಾಣಿಕವಾದ ಉತ್ತರ ಬೇಕಾದರೆ, ಜೊಲ್ಲನ್ನು ಊರಿಸುವ ಗ್ರಂಥಿಗಳು ತಾಯಿಯ ಗರ್ಭದಲ್ಲಿ ಮೊದಲಿಗೆ ಹೇಗೆ ಉಂಟಾದವೆಂಬುದನ್ನು ತಿಳಿಯಬೇಕು. ವಿಜ್ಞಾನಿಗಳು ಹಿಡಿದಿರುವ ದಾರಿಯೂ ಅದೇ.

ನಮ್ಮಲ್ಲಿ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ. ಕಿವಿಯ ಮುಂಭಾಗದಲ್ಲಿ ಒಂದು ಜೊತೆ, ಕೆಳದವಡೆಯ ಅಡಿಯಲ್ಲಿ ಒಂದು ಜೊತೆ, ನಾಲಿಗೆಯ ಕೆಳಗೆ ಒಂದು ಜೊತೆ. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ 600ರಿಂದ 1000ದಷ್ಟು ಪುಟ್ಟ ಗ್ರಂಥಿಗಳು ಹರಡಿಕೊಂಡಿವೆ. ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ರಸವನ್ನು ಸುರಿಸುತ್ತವೆ. ಈ ರಸ ತುತ್ತನ್ನು ಜಾರಿಸುವುದಷ್ಟೇ ಅಲ್ಲ, ಹಲ್ಲನ್ನು ಕೊಳೆಸುವ ಆಮ್ಲವನ್ನು ತೊಳೆಯುತ್ತದೆ, ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ರುಚಿಯನ್ನು ಕರಗಿಸಿ ನಾಲಿಗೆಗೆ ಒಪ್ಪಿಸುತ್ತದೆ. ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾಕ್ಷಿಯ ಗೊಂಚಲಿನಂತೆ ಕಾಣುತ್ತದೆ. ಹಣ್ಣಿನಂಥ ಗುಳ್ಳೆಗಳಲ್ಲಿ ರಸ ಊರುತ್ತದೆ. ತೊಟ್ಟುಗಳಂಥ ನಾಳಗಳು ಒಂದಕ್ಕೊಂದು ಕೂಡಿಕೊಂಡು ಅದನ್ನು ಬಾಯಿಗೆ ತರುತ್ತವೆ. ಇಂಥ ಗೊಂಚಲು ಬಿಡುವುದು ಹೇಗೆಂಬುದೇ ಪ್ರಶ್ನೆ.

ಅಣುಗಳ ಸಂದೇಶವೆಂಬ ಮಾತು ಹೊಸದೆನಿಸಬಹುದು. ಆದರೆ ಅದರ ಕೆಲಸವನ್ನು ನಮ್ಮ ತಂಬಾಕು ಬೆಳೆಗಾರರು ಪ್ರತಿವರ್ಷ ಕಾಣುತ್ತಾರೆ. ಗಿಡ ಹೂ ಬಿಡುವ ಹೊತ್ತಿಗೆ ಅದರ ತುದಿಯನ್ನು ಮುರಿಯುತ್ತಾರಷ್ಟೆ. ಮುರಿದ ಕೆಲವೇ ದಿನಗಳಲ್ಲಿ ಎಲೆಗಳ ಕಂಕುಳಿನಿಂದ ಹೊಸ ಕುಡಿಗಳು ಹೊರಡುತ್ತವೆ; ಅವನ್ನೂ ಚಿವುಟದಿದ್ದರೆ ಎಲೆ ದಪ್ಪವಾಗದು. ತುದಿ ಇರುವಷ್ಟು ಕಾಲ ಅಲ್ಲಿಂದ ಆಕ್ಸಿನ್ ಎಂಬ ದ್ರವ್ಯ ಕೆಳಕ್ಕೆ ಹರಿದು, ಕಂಕುಳಿನ ಮೊಗ್ಗುಗಳನ್ನು ಸುಮ್ಮನಿರಿಸುತ್ತದೆ. ತುದಿ ಹೋಯಿತೆಂದರೆ ಆ ತಡೆ ತಪ್ಪುತ್ತದೆ. ಒಂದು ಭಾಗದಲ್ಲಿ ಹುಟ್ಟಿದ ದ್ರವ್ಯ ಇನ್ನೊಂದು ಭಾಗವನ್ನು ಮುಟ್ಟಿ 'ಬೆಳೆ' ಎಂದೋ 'ನಿಲ್ಲು' ಎಂದೋ ಹೇಳುವುದು, ಸಂದೇಶವೆಂದರೆ ಇಷ್ಟೇ. ಭ್ರೂಣದಲ್ಲಿ ದ್ರವ್ಯಗಳು ಬೇರೆ, ಕ್ರಮವೂ ಹೆಚ್ಚು ತೊಡಕಿನದು. ಆದರೆ ನಡೆಯುವ ವ್ಯವಹಾರ ಈ ಜಾತಿಯದೇ.

ಮನುಷ್ಯ ಭ್ರೂಣದಲ್ಲಿ ದೊಡ್ಡ ಲಾಲಾಗ್ರಂಥಿಗಳ ಕುರುಹು ಆರನೆಯ ವಾರದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ನಾಲಿಗೆಯಡಿಯ ಗ್ರಂಥಿ ಸ್ವಲ್ಪ ತಡವಾಗಿ, ಎಂಟನೆಯ ವಾರದ ಹೊತ್ತಿಗೆ ಮೊದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ತಾಯಿಗೆ ತಾನು ಗರ್ಭವತಿಯೆಂಬುದು ಖಚಿತವಾಗುವ ಕಾಲವದು. ಆಗ ಬಾಯಿಯ ಒಳಭಾಗವನ್ನು ಆವರಿಸಿರುವ ತೆಳುವಾದ ಹೊದಿಕೆ ಪದರ ಒಂದು ಕಡೆ ದಪ್ಪವಾಗಿ, ಮೊಗ್ಗಿನಂತೆ ಕೆಳಕ್ಕೆ ಇಳಿಯತೊಡಗುತ್ತದೆ. ಅದು ಇಳಿಯುವುದು ಮೀಸೆನ್‌ಕೈಮ್ ಎಂದು ಕರೆಯಲ್ಪಡುವ ಸಡಿಲವಾದ ಆಧಾರ ಅಂಗಾಂಶದೊಳಕ್ಕೆ. ಹೊದಿಕೆ ಪದರವೇ ಮುಂದೆ ಗುಳ್ಳೆಗಳೂ ನಾಳಗಳೂ ಆಗುವುದರಿಂದ, ಗ್ರಂಥಿಯಾಗುವ ತಿಳಿವೆಲ್ಲ ಅದರಲ್ಲೇ ಅಡಗಿದೆ, ಸುತ್ತಲಿನ ಅಂಗಾಂಶ ಬರಿಯ ಮಣ್ಣಿನಂತೆ ಎಂದು ಯಾರಾದರೂ ಊಹಿಸಬಹುದಿತ್ತು.

ಆ ಊಹೆಯನ್ನು ಅಳಿಸಿದ್ದು ಅಮೆರಿಕದ ಕ್ಲಿಫರ್ಡ್ ಗ್ರೋಬ್‌ಸ್ಟೈನ್ 1953ರಲ್ಲಿ ಪ್ರಕಟಿಸಿದ ಪ್ರಯೋಗ. ಇಲಿಯ ಭ್ರೂಣದಿಂದ ದವಡೆಯಡಿಯ ಗ್ರಂಥಿಯ ಮೊಗ್ಗನ್ನು ತೆಗೆದು, ಹೊದಿಕೆ ಪದರವನ್ನೂ ಆಧಾರ ಅಂಗಾಂಶವನ್ನೂ ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಒಂಟಿಯಾದ ಹೊದಿಕೆ ಪದರ ಕವಲೊಡೆಯಲಿಲ್ಲ. ತನ್ನದೇ ಆಧಾರ ಅಂಗಾಂಶವನ್ನು ಮತ್ತೆ ಜೊತೆಗೂಡಿಸಿದಾಗ ಗೊಂಚಲು ಬಿಟ್ಟಿತು. ಬೇರೆ ಅಂಗಗಳ ಆಧಾರ ಅಂಗಾಂಶವನ್ನು ಕೊಟ್ಟು ನೋಡಿದಾಗ ಆ ರೂಪ ಬರಲಿಲ್ಲ. ಮಣ್ಣೆಂದು ತಿಳಿದದ್ದು ಮಾತನಾಡುತ್ತಿತ್ತು!

1976ರಲ್ಲಿ ಜಪಾನಿನ ಸಕಾಕುರಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇನ್ನೂ ಸೋಜಿಗದ್ದು. ಇಲಿಯ ಸ್ತನಗ್ರಂಥಿಯ ಹೊದಿಕೆ ಪದರವನ್ನು ಲಾಲಾಗ್ರಂಥಿಯ ಆಧಾರ ಅಂಗಾಂಶದೊಡನೆ ಕೂಡಿಸಿದರು. ಅದು ಬೆಳೆದದ್ದು ಲಾಲಾಗ್ರಂಥಿಯ ಆಕಾರದಲ್ಲಿ. ಆದರೆ ಅದರಲ್ಲಿ ಉಂಟಾದದ್ದು ಹಾಲಿನ ಅಂಶವೇ ಹೊರತು ಜೊಲ್ಲಿನದಲ್ಲ. ಆಕಾರವನ್ನು ನೆರೆಯವರು ಕಲಿಸಿದರು, ಸ್ವಭಾವ ಮಾತ್ರ ಹುಟ್ಟಿದ ಮನೆಯದೇ ಉಳಿಯಿತು. ಇದನ್ನು ಓದಿದಾಗ, ಸೊಸೆಯಾಗಿ ಬೇರೊಂದು ಸೀಮೆಗೆ ಹೋದ ಹೆಣ್ಣುಮಗಳು ಆ ಮನೆಯ ಕಟ್ಟುಕಟ್ಟಳೆಗಳನ್ನೆಲ್ಲ ಕಲಿತರೂ ಸಾರು ಮಾತ್ರ ತವರಿನ ರುಚಿಯದನ್ನೇ ಮಾಡುವುದು ನೆನಪಿಗೆ ಬಂದರೆ ತಪ್ಪಲ್ಲ.

ಆಧಾರ ಅಂಗಾಂಶ ಆಡುವ ಮಾತು ಯಾವುದು? ಅದರಲ್ಲಿ ಬಹುಮುಖ್ಯವಾದದ್ದು ಎಫ್‌ಜಿಎಫ್ 10 ಎಂಬ ಪ್ರೋಟೀನು. ಇದನ್ನು ತಯಾರಿಸುವುದು ಆಧಾರ ಅಂಗಾಂಶ. ಇದನ್ನು ಹಿಡಿದುಕೊಳ್ಳುವ ಗ್ರಾಹಕವಿರುವುದು ಹೊದಿಕೆ ಪದರದ ಜೀವಕೋಶಗಳ ಮೈಮೇಲೆ. ಬೀಗಕ್ಕೆ ಅದರದೇ ಕೀಲಿ ಹೊಂದುವಂತೆ ಇವೆರಡೂ ಹೊಂದಿದಾಗ ಜೀವಕೋಶಗಳು ವಿಭಜನೆಗೊಂಡು ಮೊಗ್ಗು ಮುಂದುವರಿಯುತ್ತದೆ. ಈ ಪ್ರೋಟೀನಿನ ವಂಶವಾಹಿಯ ಎರಡು ಪ್ರತಿಗಳೂ ಇಲ್ಲದ ಇಲಿಮರಿಗಳಲ್ಲಿ ಲಾಲಾಗ್ರಂಥಿಗಳು ಬೆಳೆಯುವುದಿಲ್ಲ. ಶ್ವಾಸಕೋಶಗಳೂ ಕೈಕಾಲುಗಳೂ ಸಹ ಇಲ್ಲದೆ ಅವು ಹುಟ್ಟಿದೊಡನೆ ಸಾಯುತ್ತವೆ. ಅಂದರೆ ಈ ಒಂದೇ ಮಾತನ್ನು ದೇಹ ಹಲವು ಅಂಗಗಳನ್ನು ಕಟ್ಟುವಾಗ ಬಳಸಿಕೊಳ್ಳುತ್ತದೆ.

ಮನುಷ್ಯರಲ್ಲಿ ಈ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಲಾಲಾಗ್ರಂಥಿಗಳೂ ಕಣ್ಣೀರಿನ ಗ್ರಂಥಿಗಳೂ ಇಲ್ಲದೆ ಅಥವಾ ತೀರ ಸಣ್ಣದಾಗಿ ಮಗು ಹುಟ್ಟಬಹುದೆಂದು 2005ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಇದು ಬಹಳ ಅಪರೂಪದ ಸ್ಥಿತಿ. ಇಂಥ ಮಗು ಅಳುತ್ತದೆ, ಕಣ್ಣೀರು ಬರುವುದಿಲ್ಲ. ಅನ್ನದ ಪ್ರತಿ ತುತ್ತಿಗೂ ನೀರು ಕೇಳುತ್ತದೆ. ಹಾಲುಹಲ್ಲುಗಳು ಬಂದ ಹಾಗೇ ಹುಳುಕಾಗುತ್ತವೆ. ಉಳಿದಂತೆ ಮಗು ಚೆನ್ನಾಗಿಯೇ ಇರುವುದರಿಂದ ಮನೆಯವರು ಕಾರಣವನ್ನು ತಾಯಿಯಲ್ಲಿ ಹುಡುಕುತ್ತಾರೆ: ಗ್ರಹಣದ ದಿನ ಹೊರಗೆ ಬಂದಳು, ಬಸಿರಿನಲ್ಲಿ ಉಷ್ಣದ ಪದಾರ್ಥ ತಿಂದಳು, ಹಲ್ಲು ಸರಿಯಾಗಿ ತಿಕ್ಕಿಸಲಿಲ್ಲ. ಈ ಮಾತುಗಳನ್ನು ಆಡುವ ಹಿರಿಯರಿಗೆ ಕೈಮುಗಿದು ಹೇಳಬೇಕಾದದ್ದು ಇಷ್ಟು. ಆ ದೋಷ ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು, ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಉಂಟಾಗಲೂಬಹುದು. ಗರ್ಭ ಕಟ್ಟಿದ ಗಳಿಗೆಯಲ್ಲೇ ತೀರ್ಮಾನವಾಗಿರುವ ಸಂಗತಿಯನ್ನು ಆಮೇಲಿನ ಯಾವ ಪಥ್ಯವೂ ಯಾವ ಗ್ರಹಣವೂ ಬದಲಿಸಿರಲಾರದು. ಮಗುವಿಗೆ ಬೇಕಾದದ್ದು ದಂತವೈದ್ಯರ ಮತ್ತು ಕಣ್ಣಿನ ವೈದ್ಯರ ನಿಯಮಿತ ಆರೈಕೆ. ತಾಯಿಗೆ ಬೇಕಾದದ್ದು ಮನೆಯವರ ಬೆಂಬಲ.

ಮೊಗ್ಗು ಇಳಿದ ಮಾತ್ರಕ್ಕೆ ಗ್ರಂಥಿಯಾಗಲಿಲ್ಲ, ಕವಲೊಡೆಯಬೇಕು. ಕಟ್ಟೇಪುರದ ಅಣೆಕಟ್ಟಿನಿಂದ ಹೊರಟ ಕಾಲುವೆ ಕವಲುಕವಲಾಗಿ ಹೊಲಗಳ ಬದುವಿನವರೆಗೆ ಹೋಗುವುದನ್ನು ಈ ಭಾಗದವರು ಬಲ್ಲರು. ಗ್ರಂಥಿಯ ನಾಳಗಳ ಹರಹೂ ನೋಟಕ್ಕೆ ಹಾಗೆಯೇ. ರಸ ಹರಿಯುವ ದಿಕ್ಕು ಮಾತ್ರ ತಿರುವುಮುರುವು, ಹೊಲದಿಂದ ಅಣೆಕಟ್ಟಿನತ್ತ. ಇನ್ನೊಂದು ಭೇದ ಇದಕ್ಕಿಂತ ದೊಡ್ಡದು. ಕಾಲುವೆಗೆ ಮೊದಲೇ ಬರೆದ ನಕ್ಷೆಯಿತ್ತು, ಅಳತೆ ಮಾಡಿದವರಿದ್ದರು. ಗ್ರಂಥಿಗೆ ಅಂಥ ನಕ್ಷೆ ಎಲ್ಲಿಯೂ ಇಲ್ಲ. ದುಂಡಗಿನ ಮೊಗ್ಗಿನ ಮೇಲೆ ಸಣ್ಣ ಸೀಳೊಂದು ಮೂಡುತ್ತದೆ. ಆ ಸೀಳಿನಲ್ಲಿ ಫೈಬ್ರೊನೆಕ್ಟಿನ್ ಎಂಬ ನಾರಿನಂಥ ಪ್ರೋಟೀನು ಸೇರಿಕೊಂಡು ಬೆಣೆಯಂತೆ ಒಳಸರಿಯುತ್ತದೆ; ಮೊಗ್ಗು ಎರಡಾಗುತ್ತದೆ. ಎರಡರಲ್ಲೂ ಮತ್ತೆ ಸೀಳು, ಮತ್ತೆ ಬೆಣೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆನೆತ್ ಯಮಾಡಾ ಅವರ ತಂಡ 2003ರಲ್ಲಿ ಇದನ್ನು ತೋರಿಸಿತು: ಫೈಬ್ರೊನೆಕ್ಟಿನ್ ತಡೆದರೆ ಕವಲು ನಿಲ್ಲುತ್ತದೆ, ಹೊರಗಿನಿಂದ ಸೇರಿಸಿದರೆ ಕವಲು ಹೆಚ್ಚುತ್ತದೆ. ಪ್ರತಿಯೊಂದು ಮೊಗ್ಗೂ ತನ್ನ ನೆರೆಯಿಂದ ಬಂದ ಮಾತಿಗೆ ಮಾತ್ರ ಓಗೊಡುತ್ತದೆ. ಇಡೀ ಗೊಂಚಲಿನ ಆಕಾರ ಯಾವ ಜೀವಕೋಶಕ್ಕೂ ಗೊತ್ತಿಲ್ಲ. ಮೊದಲಿಗೆ ಗಟ್ಟಿಯಾಗಿರುವ ಈ ಕವಲುಗಳು ಬಳಿಕ ನಡುವೆ ಟೊಳ್ಳಾಗಿ ನಾಳಗಳಾಗುತ್ತವೆ.

ಇಲ್ಲಿ ಕೆಲಸ ಮಾಡುವ ಸಂದೇಶಗಳು ಹಲವು. ಎಲ್ಲವನ್ನೂ ಹೆಸರಿಸಿ ಓದುಗರನ್ನು ದಣಿಸುವುದಿಲ್ಲ. ಎಕ್ಟೋಡಿಸ್‌ಪ್ಲಾಸಿನ್ ಎಂಬುದೊಂದನ್ನು ಮಾತ್ರ ಹೇಳಬೇಕು, ಏಕೆಂದರೆ ಅದರ ಕಥೆ ನಮ್ಮ ಉಪಖಂಡದಿಂದ ಮೊದಲಾಗುತ್ತದೆ. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದಲ್ಲಿ ತಲೆಮಾರುಗಳಿಂದ ಕೆಲವು ಗಂಡಸರಿಗೆ ಹಲ್ಲುಗಳೇ ಹೆಚ್ಚಾಗಿ ಬರದಿದ್ದುದನ್ನೂ, ಹೆಣ್ಣುಮಕ್ಕಳಿಗೆ ಆ ತೊಂದರೆ ಇಲ್ಲದಿದ್ದರೂ ಅವರ ಗಂಡುಮಕ್ಕಳಿಗೆ ಬರುತ್ತಿದ್ದುದನ್ನೂ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಬರೆದಿದ್ದಾನೆ. ಇಂಥವರಿಗೆ ಬೆವರೂ ಬರುವುದಿಲ್ಲ, ಜೊಲ್ಲೂ ಕಡಿಮೆ. ಕಾರಣವಾದ ವಂಶವಾಹಿ 1996ರಲ್ಲಿ ಪತ್ತೆಯಾಯಿತು. ಹಲ್ಲು, ಬೆವರಿನ ಗ್ರಂಥಿ, ಲಾಲಾಗ್ರಂಥಿ ಇವೆಲ್ಲ ಹೊದಿಕೆ ಪದರದಿಂದ ಮೊಗ್ಗೊಡೆಯುವಾಗ ಬೇಕಾಗುವ ಸಂದೇಶವೊಂದನ್ನು ಅದು ತಯಾರಿಸುತ್ತದೆ. 2018ರಲ್ಲಿ ಜರ್ಮನಿಯ ವೈದ್ಯರು ಈ ದೋಷವಿದ್ದ ಮೂರು ಶಿಶುಗಳಿಗೆ, ಅವು ಗರ್ಭದಲ್ಲಿರುವಾಗಲೇ, ಕೊರತೆಯಾದ ಪ್ರೋಟೀನನ್ನು ಗರ್ಭಜಲದೊಳಕ್ಕೆ ಚುಚ್ಚಿ ಕೊಟ್ಟ ಸಂಗತಿಯನ್ನು ಪ್ರಕಟಿಸಿದರು. ಆ ಮಕ್ಕಳು ಹುಟ್ಟಿದ ಮೇಲೆ ಸಹಜವಾಗಿ ಬೆವರಿದವು. ಸಂದೇಶ ಬೇಕಾದ ವಾರಗಳಲ್ಲೇ ಅದನ್ನು ತಲುಪಿಸಿದ್ದು ಇಲ್ಲಿ ಫಲಿಸಿತು. ವಾರಗಳು ಕಳೆದ ಮೇಲೆ ಅದೇ ಮಾತನ್ನು ಕೇಳುವ ಕಿವಿಗಳು ಇರುವುದಿಲ್ಲ.

ಹೊದಿಕೆ ಪದರ ಮತ್ತು ಆಧಾರ ಅಂಗಾಂಶಗಳ ನಡುವಣ ಈ ಸಂವಾದದಲ್ಲಿ ಮೂರನೆಯವರೂ ಇದ್ದಾರೆ. ಅವು ನರಗಳು. ನಮ್ಮ ಅರಿವಿಗೆ ಬಾರದೆ ಜೊಲ್ಲನ್ನು ಸುರಿಸುವ ಪ್ಯಾರಾಸಿಂಪಥೆಟಿಕ್ ನರಗಳು ಮೊಗ್ಗಿನ ಜೊತೆಜೊತೆಗೇ ಬೆಳೆಯುತ್ತವೆ. ಹುಣಸೆಹಣ್ಣಿನ ಮಾತೆತ್ತಿದರೆ ಬಾಯಲ್ಲಿ ನೀರೂರಿಸುವವು ಇವೇ. ಗ್ರಂಥಿ ಪೂರ್ಣವಾದ ಮೇಲೆ ಆಜ್ಞೆ ಕೊಡುವುದಷ್ಟೇ ಇವುಗಳ ಕೆಲಸವೆಂದು ಬಹುಕಾಲ ತಿಳಿಯಲಾಗಿತ್ತು. 2010ರಲ್ಲಿ ಸಾರಾ ನಾಕ್ಸ್, ಮ್ಯಾಥ್ಯೂ ಹಾಫ್‌ಮನ್ ಮತ್ತು ಸಂಗಡಿಗರು ಇಲಿಯ ಭ್ರೂಣದ ಗ್ರಂಥಿಯಿಂದ ಈ ನರಗಂಟನ್ನು ತೆಗೆದು ನೋಡಿದರು. ಮೊಗ್ಗುಗಳ ಸಂಖ್ಯೆ ತಗ್ಗಿತು. ಅದಕ್ಕಿಂತ ಮುಖ್ಯವಾಗಿ, ಮುಂದೆ ಗ್ರಂಥಿಯ ಬೇರೆಬೇರೆ ಭಾಗಗಳಾಗಬೇಕಾದ ಮೂಲ ಜೀವಕೋಶಗಳೇ ಕಡಿಮೆಯಾದವು. ನರದಿಂದ ಬರುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಆ ಮೂಲ ಜೀವಕೋಶಗಳನ್ನು ಉಳಿಸಿಕೊಂಡು ಬರುತ್ತಿತ್ತು, ಬಿತ್ತನೆಯ ರಾಗಿಯನ್ನು ತಿಂದು ಮುಗಿಸದಂತೆ ಮನೆಯ ಹಿರಿಯಾಕೆ ಕಾಯ್ದಿಡುವಂತೆ. ಹೊದಿಕೆ ಪದರವೂ ಸುಮ್ಮನಿಲ್ಲ. ನ್ಯೂರ್‌ಟುರಿನ್ ಎಂಬ ಪ್ರೋಟೀನನ್ನು ಹೊರಬಿಟ್ಟು ನರಗಳನ್ನು ತನ್ನತ್ತ ಕರೆದುಕೊಳ್ಳುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಯಿ, ಗಂಟಲುಗಳ ಕ್ಯಾನ್ಸರಿಗೆ ವಿಕಿರಣವನ್ನು ಸಾಮಾನ್ಯವಾಗಿ ಆರೇಳು ವಾರಗಳ ಕಾಲ, ಗ್ರೇ ಎಂಬ ಅಳತೆಯಲ್ಲಿ 60ರಿಂದ 70ರವರೆಗೆ ಕೊಡುತ್ತಾರೆ. ಕಿವಿಯ ಮುಂದಿನ ಗ್ರಂಥಿ ಸರಾಸರಿ ಸುಮಾರು 26 ಗ್ರೇಗಿಂತ ಹೆಚ್ಚನ್ನು ಉಂಡರೆ ಚೇತರಿಸಿಕೊಳ್ಳುವುದು ಕಷ್ಟ. ಗುಳ್ಳೆಗಳ ಜೀವಕೋಶಗಳು ನಾಶವಾಗುತ್ತವೆ. ಮೂಲ ಜೀವಕೋಶಗಳು ಕುಗ್ಗುತ್ತವೆ. ವಿಕಿರಣಕ್ಕೆ ಒಳಗಾದ ಮನುಷ್ಯರ ಗ್ರಂಥಿಗಳಲ್ಲಿ ಆ ನರಗಳೂ ವಿರಳವಾಗಿರುವುದು ಕಂಡುಬಂದಿದೆ. ಗರ್ಭದಲ್ಲಿ ಮಾತನಾಡಿಕೊಂಡು ಗ್ರಂಥಿಯನ್ನು ಕಟ್ಟಿದವರೆಲ್ಲ ಒಟ್ಟಿಗೇ ಪೆಟ್ಟು ತಿಂದಿರುತ್ತಾರೆ. ಗ್ರಂಥಿ ತಾನಾಗಿ ಮತ್ತೆ ಬೆಳೆಯದಿರುವುದರ ಕಾರಣ ಇಲ್ಲಿದೆ. ಹೆಚ್ಚು ಪೆಟ್ಟು ತಿಂದ ಗ್ರಂಥಿಯನ್ನು ಹಿಂದಿನಂತೆ ಮಾಡುವ ಔಷಧಿ ಇಂದು ಇಲ್ಲ. ಇದೆಯೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಆದರೆ ಪ್ರಯೋಗಶಾಲೆಗಳಲ್ಲಿ ನಡೆದಿರುವುದು ನಿರಾಶೆಯ ಮಾತಲ್ಲ. 2013ರಲ್ಲಿ ನಾಕ್ಸ್ ಮತ್ತು ಹಾಫ್‌ಮನ್ ಅವರ ತಂಡ ವಿಕಿರಣದಿಂದ ನೊಂದ ಇಲಿಭ್ರೂಣದ ಗ್ರಂಥಿಗೆ ನ್ಯೂರ್‌ಟುರಿನ್ ಕೊಟ್ಟು, ನರಗಳನ್ನು ಉಳಿಸಿಕೊಂಡಾಗ ಗ್ರಂಥಿ ಚೇತರಿಸಿಕೊಳ್ಳುವುದನ್ನು ಕಂಡಿತು. ಅದೇ ವರ್ಷ ಜಪಾನಿನಲ್ಲಿ ಇನ್ನೊಂದು ತಂಡ ಭ್ರೂಣದ ಎರಡೂ ಬಗೆಯ ಜೀವಕೋಶಗಳನ್ನು ಸೇರಿಸಿ ಗ್ರಂಥಿಯ ಮೊಳಕೆಯನ್ನು ಕಟ್ಟಿ, ಗ್ರಂಥಿ ಕಳೆದುಕೊಂಡ ಇಲಿಗೆ ನೆಟ್ಟಿತು. ಅದು ನಾಳಕ್ಕೆ ಕೂಡಿಕೊಂಡು, ನರವನ್ನು ಪಡೆದು, ಹುಳಿ ತಾಗಿದಾಗ ಜೊಲ್ಲು ಸುರಿಸಿತು. 2018ರಲ್ಲಿ ಜಪಾನಿನವರೇ ಇಲಿಯ ಕಾಂಡಕೋಶಗಳಿಂದ ಇಂಥ ಮೊಳಕೆಯನ್ನು ಬೆಳೆಸಿದರು. ಆ ಕೋಶಗಳಿಗೆ ಅವರು ಉಣಿಸಿದ ದ್ರವ್ಯಗಳಲ್ಲಿ ಒಂದು ನಾವು ಮೇಲೆ ಕಂಡ ಎಫ್‌ಜಿಎಫ್ 10. ಇವೆಲ್ಲ ಇಲಿಗಳ ಮಾತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರವಿದೆ.

ಹೀಗಿರುವಾಗ ಇರುವ ಗ್ರಂಥಿಯನ್ನು ಉಳಿಸಿಕೊಳ್ಳುವುದೇ ಇಂದಿಗೆ ಸಾಧ್ಯವಾದ ಕೆಲಸ, ಅದರಲ್ಲಿ ಸಾಕಷ್ಟು ಮುನ್ನಡೆಯೂ ಆಗಿದೆ. ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ತೀವ್ರತೆಯನ್ನು ಹೊಂದಿಸಿ ಲಾಲಾಗ್ರಂಥಿಯನ್ನು ಬದಿಗಿರಿಸುವ ಐಎಂಆರ್‌ಟಿ ಎಂಬ ವಿಧಾನವಿದೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಳೆಯ ವಿಧಾನದ ಚಿಕಿತ್ಸೆ ಪಡೆದವರಲ್ಲಿ ವರ್ಷದ ನಂತರ ಶೇಕಡಾ 74 ಮಂದಿಗೆ ಬಾಯಿ ಗಣನೀಯವಾಗಿ ಒಣಗಿತ್ತು. ಈ ವಿಧಾನದಲ್ಲಿ ಅದು ಶೇಕಡಾ 38ಕ್ಕೆ ಇಳಿದಿತ್ತು. ಎಲ್ಲರ ಗೆಡ್ಡೆಗೂ ಇದು ಹೊಂದದು. ಆದರೂ ಚಿಕಿತ್ಸೆ ಆರಂಭವಾಗುವ ಮೊದಲೇ 'ಜೊಲ್ಲಿನ ಗ್ರಂಥಿಯನ್ನು ಉಳಿಸಲು ಆದೀತೇ?' ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ನಮ್ಮ ಜನ ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಈ ಒಂದು ಪ್ರಶ್ನೆಗೆ ಹಿಂಜರಿಯಬೇಡಿ. ವಿಕಿರಣಕ್ಕೆ ಮುನ್ನ ದಂತವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲುಗಳನ್ನು ಆಗಲೇ ಕೀಳಿಸಿ, ಗಾಯ ಮಾಗಿದ ಮೇಲೆ ಚಿಕಿತ್ಸೆಗೆ ಹೋಗಬೇಕು. ವಿಕಿರಣ ತಾಗಿದ ದವಡೆಯಲ್ಲಿ ಹಲ್ಲು ಕಿತ್ತರೆ ಗಾಯ ಮಾಗದೆ ಮೂಳೆ ಕೊಳೆಯುವ ಅಪಾಯವಿದೆ.

ಚಿಕಿತ್ಸೆ ಮುಗಿದವರ ಮನೆಯಲ್ಲಿ ಮುದ್ದೆಯನ್ನು ತುಸು ಮೆತ್ತಗೆ ಮಾಡಿ, ಸಾರನ್ನು ನೀರಾಗಿಸಿ, ಖಾರ ತಗ್ಗಿಸಿ ಬಡಿಸಬಹುದು. ಗುಟುಕುಗುಟುಕಾಗಿ ನೀರು, ಸಿಹಿ ಬೆರೆಸದ ಮಜ್ಜಿಗೆ ಒಳ್ಳೆಯದು. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು ತಪ್ಪಬಾರದು. ಜೊಲ್ಲು ಹೆಚ್ಚಿಸುವ ಮಾತ್ರೆಗಳಿವೆ, ಆದರೆ ಉಬ್ಬಸ, ಹೃದಯದ ತೊಂದರೆ ಇರುವವರಿಗೆ ಅವು ಹೊಂದದಿರಬಹುದಾದ್ದರಿಂದ ವೈದ್ಯರು ಬರೆದುಕೊಟ್ಟರೆ ಮಾತ್ರ ಸೇವಿಸತಕ್ಕದ್ದು. ವಿಕಿರಣವನ್ನೇ ಕಾಣದ ವೃದ್ಧರಿಗೂ ಬಾಯಿ ಒಣಗುವುದುಂಟು. ಅಂಥವರು ತಾವು ಸೇವಿಸುವ ಎಲ್ಲ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಲಿ; ಅಲರ್ಜಿ, ಖಿನ್ನತೆ, ಮೂತ್ರದ ತೊಂದರೆಗಳಿಗೆ ಕೊಡುವ ಹಲವು ಮಾತ್ರೆಗಳು ಜೊಲ್ಲನ್ನು ತಗ್ಗಿಸುತ್ತವೆ. ಅಲ್ಲಿ ಗ್ರಂಥಿ ಸತ್ತಿರುವುದಿಲ್ಲ, ನರದ ಮಾತು ಅದಕ್ಕೆ ಕೇಳಿಸುತ್ತಿರುವುದಿಲ್ಲ ಅಷ್ಟೆ. ವೈದ್ಯರು ಮಾತ್ರೆಯನ್ನು ಬದಲಿಸಿದರೆ ಎಷ್ಟೋ ಜನರಿಗೆ ಬಾಯಿ ಮತ್ತೆ ತೇವಗೊಳ್ಳುತ್ತದೆ.